ಬೈಪಾಸ್ ಬಿಟ್ಟು ಒಳಗೆ

ದಾವಣಗೆರೆಯಲ್ಲಿ ಯಾವುದಕ್ಕೂ ಪೂರ್ತಿ ಹೆಸರು ಹೇಳಬಾರದು. ಹೇಳಿದರೆ ಊರು ನಿಮ್ಮ ಗುರುತು ಹಿಡಿಯುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ‘ಶಾಮನೂರು ಶಿವಶಂಕರಪ್ಪ ಬಡಾವಣೆಗೆ ಬರ್ತೀರಾ?’ ಎಂದು ಆಟೋದವನನ್ನು ಕೇಳಿ ನೋಡಿ. ಕೋರ್ಟಿನ ಸಮನ್ಸ್ ಓದಿ ಹೇಳಿದ ಹಾಗೆ ಅವನು ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾನೆ. ‘ಎಸ್ಸೆಸ್ ಲೇಔಟ್’ ಅನ್ನಿ, ‘ಎ ಬ್ಲಾಕೋ ಬಿ ಬ್ಲಾಕೋ’ ಎಂದು ಅವನು ಕೇಳುವ ಹೊತ್ತಿಗೆ ಆಟೋ ಪಿ.ಬಿ. ರಸ್ತೆಗೆ ಇಳಿದಿರುತ್ತದೆ. ಆ ಪಿ.ಬಿ. ಎಂದರೆ ಪೂನಾ-ಬೆಂಗಳೂರು. ಪಿ.ಜೆ. ಬಡಾವಣೆಯೊಳಗೆ ಪ್ರಿನ್ಸ್ ಜಯಚಾಮರಾಜರು ಅಡಗಿದ್ದಾರೆ, ಕೆ.ಟಿ.ಜೆ. ನಗರದೊಳಗೆ ಕೆ.ಟಿ. ಜಂಬಣ್ಣನವರು, ಡಿ.ಸಿ.ಎಂ. ಒಳಗೆ ದಾವಣಗೆರೆ ಕಾಟನ್ ಮಿಲ್. ಓದಬೇಕೆಂದರೆ ಜೆ.ಜೆ.ಎಂ., ಯು.ಬಿ.ಡಿ.ಟಿ., ಎ.ವಿ.ಕೆ., ಡಿ.ಆರ್.ಎಂ. ಕೊನೆಗೆ ನಾಟಕ ನೋಡೋಣವೆಂದರೆ ಅಲ್ಲೂ ಚಿಂದೋಡಿಯವರ ಕೆ.ಬಿ.ಆರ್. ಕಂಪನಿ. ವ್ಯಾಪಾರದ ಊರು ನೋಡಿ, ಖಾತೆ ಪುಸ್ತಕದಲ್ಲಿ ಪೂರ್ತಿ ಹೆಸರು ಬರೆಯುತ್ತ ಕೂರಲು ಯಾರಿಗೂ ಪುರಸೊತ್ತಿಲ್ಲ.

ಈ ಸಲ ನಾನು ಬಸ್ಸಿನಿಂದ ಇಳಿಯಲಿಲ್ಲ. ಪುಣೆಯಲ್ಲಿ ಮಗಳ ಓದು ಮುಗಿದಿತ್ತು. ಅವಳ ಪುಸ್ತಕ, ಹಾಸಿಗೆ, ಒಂದು ಕುಂಟು ಕುರ್ಚಿ ಎಲ್ಲವನ್ನೂ ಕಾರಿಗೆ ತುಂಬಿಕೊಂಡು ಮೂವರೂ ಬೆಂಗಳೂರಿಗೆ ಹೊರಟಿದ್ದೆವು. ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಹಾವೇರಿ. ನಾನು ಓದುವ ಕಾಲಕ್ಕೆ ಈ ಹೆದ್ದಾರಿಯ ನಂಬರು 4. ಈಗ 48. ನಮ್ಮ ಕಡೆಯವರು ಎರಡನ್ನೂ ಒಪ್ಪಿಕೊಂಡಿಲ್ಲ, ಅವರಿಗೆ ಅದು ಪಿ.ಬಿ. ರೋಡೇ. ಮಗಳ ಫೋನಿನ ನಕ್ಷೆ ಬೆಂಗಳೂರಿನ ತನಕ ಒಂದೇ ನೀಲಿ ಗೆರೆ ಎಳೆದು ಕೂತಿತ್ತು. ಆ ಗೆರೆಯ ಲೆಕ್ಕದಲ್ಲಿ ರಾಣೆಬೆನ್ನೂರಿಲ್ಲ, ಹರಿಹರವಿಲ್ಲ, ದಾವಣಗೆರೆಯೂ ಇಲ್ಲ. ಎಲ್ಲದಕ್ಕೂ ಬೈಪಾಸ್.

‘ಒಳಗೆ ಹೋದ್ರೆ ಲೇಟಾಗುತ್ತೆ ಅಪ್ಪಾ’ ಎಂದಳು.

‘ಲೇಟಾಗಲಿ ಅಂತಾನೇ ಹೋಗೋದು’ ಎಂದೆ. ಹೆಂಡತಿ ಹಿಂದಿನ ಸೀಟಿನಿಂದ ನಕ್ಕಳು. ಅವಳು ಮೈಸೂರಿನವಳು, ಬೆಣ್ಣೆ ದೋಸೆಯ ವಿಷಯ ಬಿಟ್ಟರೆ ನಮ್ಮೂರಿನ ಬಗ್ಗೆ ಅವಳಿಗೆ ಹೆಚ್ಚಿನ ಅಭಿಪ್ರಾಯವಿಲ್ಲ.

ಮೊದಲು ಸಿಕ್ಕಿದ್ದು ಹರಿಹರ. ತುಂಗಭದ್ರೆ ಇಲ್ಲಿ ಬಹುಕಾಲ ಗಡಿಯಾಗಿತ್ತು. ಈ ದಡ ಮೈಸೂರು ಸಂಸ್ಥಾನ, ಆ ದಡ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ರಸ್ತೆಗಾಗಿ ಕಲ್ಲು-ಇಟ್ಟಿಗೆಯ ಕಮಾನು ಸೇತುವೆ ಕಟ್ಟಿ ಮುಗಿಸಿದ್ದು 1868ರಲ್ಲಿ. ಅಲ್ಲಿಯವರೆಗೆ ಹೊಳೆ ತುಂಬಿದರೆ ಹರಿಗೋಲಿನವನು ಹೇಳಿದ್ದೇ ವೇಳಾಪಟ್ಟಿ. ಈಗಿನ ಹೆದ್ದಾರಿಯಲ್ಲಿ ಹೊಳೆ ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಮಗಳು ಫೋನಿನಿಂದ ತಲೆಯೆತ್ತುವಷ್ಟರಲ್ಲಿ ಒಂದು ನದಿ ಮುಗಿದುಹೋಗಿತ್ತು.

ಹರಿಹರದಲ್ಲಿ ನನ್ನ ಹಳೆಯ ಗೆಳೆಯನೊಬ್ಬನಿದ್ದಾನೆ. ಅವನಪ್ಪ ಮೈಸೂರು ಕಿರ್ಲೋಸ್ಕರಿನಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ, ಯುದ್ಧದ ಕಾಲದಲ್ಲಿ ಶುರುವಾದ ಆ ಕಾರ್ಖಾನೆ ಲೇತ್ ತಯಾರಿಸುತ್ತಿತ್ತು. ಅದರ ಸುತ್ತ ಬೆಳೆದ ಜಾಗಕ್ಕೆ ಯಂತ್ರಾಪುರ ಎಂದೇ ಹೆಸರು. ನಾವು ಹುಡುಗರಾಗಿದ್ದಾಗ ಹರಿಹರದವರು ದಾವಣಗೆರೆಯವರನ್ನು ‘ಹತ್ತಿ ಮಂದಿ’ ಎಂದು ಹಂಗಿಸುತ್ತಿದ್ದರು. ಅವರು ಮಿಷಿನ್ ಮಾಡುವವರು, ನಾವು ಬರೀ ನೂಲು ತೆಗೆಯುವವರು. ಆ ಜಂಬ ನ್ಯಾಯವಾದದ್ದೇ. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿತು. ಗೆಳೆಯನ ಅಪ್ಪ ಕೊನೆಯ ದಿನ ತಮ್ಮ ಮೈಕ್ರೋಮೀಟರನ್ನು ಕರವಸ್ತ್ರದಲ್ಲಿ ಸುತ್ತಿ ತಂದು ದೇವರ ಗೂಡಿನಲ್ಲಿಟ್ಟರಂತೆ. ಮಗ ಈಗ ಸಣ್ಣದೊಂದು ವರ್ಕ್‌ಶಾಪ್ ಇಟ್ಟುಕೊಂಡಿದ್ದಾನೆ. ಅಲ್ಲಿರುವುದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಹಳೆಯ ಕಿರ್ಲೋಸ್ಕರ್ ಲೇತ್. ‘ನಮ್ಮಪ್ಪನ ಕೈ ತಾಗಿದ್ದೂ ಇರಬಹುದು’ ಎಂದು ಅದರ ಮೇಲೆ ಕೈಯಾಡಿಸಿದ.

ಅವನೇ ನಮ್ಮನ್ನು ಹರಿಹರೇಶ್ವರನ ಗುಡಿಗೆ ಕರೆದುಕೊಂಡು ಹೋದ. ಬಲಗಡೆ ಹರ, ಎಡಗಡೆ ಹರಿ, ಒಂದೇ ವಿಗ್ರಹ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1223-24ರ ಸುಮಾರಿಗೆ ಕಟ್ಟಿಸಿದ್ದು. ಸೋಮನಾಥಪುರ ಕಟ್ಟಿಸಿದ ಸೋಮ ದಂಡನಾಯಕ 1268ರಲ್ಲಿ ಇನ್ನಷ್ಟು ಸೇರಿಸಿದ. ಇದನ್ನೆಲ್ಲ ನಾನು ಮಗಳಿಗೆ ವಿವರಿಸುತ್ತಿದ್ದರೆ ಗೆಳೆಯ ನಡುವೆ ಬಾಯಿ ಹಾಕಿದ: ‘ಅದನ್ನ ಬಿಡು. ಈ ಕಂಬ ನೋಡವ್ವಾ. ಇದು ಲೇತಿನ ಕೆಲಸ.’ ನಿಜ. ಹೊಯ್ಸಳರ ಆ ದುಂಡು ಕಂಬಗಳು ಕಲ್ಲನ್ನು ತಿರುಗಿಸಿ ಕಡೆದವು. ಮೃದುವಾದ ಬಳಪದ ಕಲ್ಲಾದ್ದರಿಂದ ಅದು ಸಾಧ್ಯವಾಯಿತು. ಬಳೆಯಂಥ ಆ ಏಣುಗಳ ಮೇಲೆ ಅವನು ಉಗುರು ಓಡಿಸಿ, ಎಲ್ಲಿಯೂ ತಡೆಯದ್ದನ್ನು ತೋರಿಸಿದ. ಎಷ್ಟೋ ಗೈಡುಗಳ ಬಾಯಲ್ಲಿ ಹೊಯ್ಸಳ ಶಿಲ್ಪದ ವರ್ಣನೆ ಕೇಳಿದ್ದೇನೆ. ಟರ್ನರನ ಮಗ ಹೇಳಿದಷ್ಟು ಚೆನ್ನಾಗಿ ಯಾರೂ ಹೇಳಿಲ್ಲ. ‘ಹರಿಹರದಾಗೆ ಲೇತ್ ಶುರುವಾಗಿದ್ದು ಕಿರ್ಲೋಸ್ಕರಿಂದ ಅಂತಾರೆ, ಸುಳ್ಳು’ ಎಂದು ಅವನು ಮುಗಿಸಿದ. ಮಗಳು ಫೋನನ್ನು ಚೀಲಕ್ಕೆ ಹಾಕಿದಳು.

ಹರಿಹರದಿಂದ ದಾವಣಗೆರೆಗೆ 14 ಕಿಲೋಮೀಟರ್. ದೊಡ್ಡಬಾತಿಯ ಮೇಲೆ ಹಾದುಬರುವ ಹಳೆಯ ದಾರಿ. ಇದೇ ದಾರಿಯಲ್ಲಿ ನಮ್ಮಪ್ಪ ಬ್ಯಾಂಕಿನ ವರ್ಗಾವಣೆ ಪತ್ರ ಹಿಡಿದುಕೊಂಡು, ಲಾರಿಯಲ್ಲಿ ಮಂಚ-ಪಾತ್ರೆ ಹೇರಿಕೊಂಡು, ಹಾವೇರಿ ಕಡೆಯಿಂದ ಬಂದದ್ದು. ‘ಮೂರು ವರ್ಷ, ಆಮೇಲೆ ಧಾರವಾಡ’ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದರು. ಆ ಮೂರು ವರ್ಷ ಅವರ ನಿವೃತ್ತಿಯವರೆಗೂ ಮುಗಿಯಲಿಲ್ಲ.

ಇದು ಅಪ್ಪನೊಬ್ಬರ ಕಥೆಯಲ್ಲ, ಊರೇ ಹಾಗೆ. ಬೇತೂರಿನ ಪಕ್ಕದ ಒಂದು ಸಣ್ಣ ಹಳ್ಳಿಯಾಗಿತ್ತು ದಾವಣಗೆರೆ. ಹೈದರಾಲಿ ಅದನ್ನು ಅಪೋಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಅಪೋಜಿರಾಮ ಕೋಟೆ-ಕೊತ್ತಲದ ಗೊಡವೆಗಿಂತ ವರ್ತಕರನ್ನು ಕರೆದು ಕೂರಿಸುವ ಕೆಲಸಕ್ಕೆ ಹೆಚ್ಚು ಕೈಹಾಕಿದ. ಅವನಿಗೆ ಮಕ್ಕಳಿರಲಿಲ್ಲ, ಅವನ ನಂತರ ಟಿಪ್ಪುವೂ ಆ ಉತ್ತೇಜನ ನಿಲ್ಲಿಸಲಿಲ್ಲ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ದೂರದ ವಾಲಾಜಾಪೇಟೆಗೆ ಹೋಗುತ್ತಿತ್ತು. ಸುತ್ತಲ ಬಯಲು ಸೀಮೆಯ ಕಂಬಳಿಗೆ ಇದೇ ಪೇಟೆ. ಮಂಡಿಪೇಟೆ, ಚೌಕಿಪೇಟೆಗಳ ಇಕ್ಕಟ್ಟು ಬೀದಿಗಳಲ್ಲಿ ಇವತ್ತೂ ಗಾಡಿ ನಿಲ್ಲಿಸಲು ಜಾಗವಿಲ್ಲ, ಆದರೆ ಸರಕು ಇಳಿಸಲು ಹೇಗೋ ಜಾಗ ಆಗುತ್ತದೆ. ಬೇರೆ ಊರುಗಳು ದೇವರಿಂದಲೋ ರಾಜರಿಂದಲೋ ಬೆಳೆದವು. ದಾವಣಗೆರೆ ಬೆಳೆದದ್ದು ದಾರಿಹೋಕರನ್ನು ಹಿಡಿದು ನಿಲ್ಲಿಸಿಕೊಂಡು ಎಂದೇ ನನ್ನ ತೀರ್ಮಾನ.

ಜಿಲ್ಲೆ ಆದದ್ದೂ ಹಾಗೆಯೇ. ನಾನು ಶಾಲೆಯಲ್ಲಿದ್ದಾಗ ವಿಳಾಸದ ಕೆಳಗೆ ‘ಚಿತ್ರದುರ್ಗ ಜಿಲ್ಲೆ’ ಎಂದು ಬರೆಯಬೇಕಿತ್ತು. ದೊಡ್ಡ ಊರಿನವರು ಸಣ್ಣ ಊರಿನ ಹೆಸರು ಬರೆಯಬೇಕಲ್ಲ ಎಂಬ ಹೊಟ್ಟೆಯುರಿ ಬೇರೆ. 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ನಮ್ಮದೇ ಜಿಲ್ಲೆಯಾಯಿತು. ಚಿತ್ರದುರ್ಗದಿಂದ ಕೆಲವು, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಬಳ್ಳಾರಿಯಿಂದ ಹರಪನಹಳ್ಳಿ. ಹೀಗೆ ಅಕ್ಕಪಕ್ಕದವರಿಂದ ತಾಲ್ಲೂಕು ತಂದು ಮಾಡಿದ ಜಿಲ್ಲೆ. ಹರಪನಹಳ್ಳಿ ಮಾತ್ರ ಉಳಿಯಲಿಲ್ಲ. ಮತ್ತೆ ಬಳ್ಳಾರಿಗೆ ಹೋಗಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ನನ್ನ ಗೆಳೆಯರ ಗುಂಪಿನಲ್ಲಿ ನನ್ನನ್ನು ‘ಹರಪನಹಳ್ಳಿ’ ಎಂದು ಕರೆಯುವುದು ಇದೇ ಕಾರಣಕ್ಕೆ.

ಎಸ್ಸೆಸ್ ಬಡಾವಣೆಯಲ್ಲಿ ಅಪ್ಪ ಮನೆ ಕಟ್ಟಿಸಿದಾಗ ಅಲ್ಲಿ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು. ಸೈಟಿನ ಕಲ್ಲುಗಳ ನಡುವೆ ಜಾಲಿ, ಎಕ್ಕದ ಗಿಡ. ಹಳಿಯಾಚೆಯ ಹಳೆಯ ಊರಿನಿಂದ ಬಂದ ನೆಂಟರು ‘ಇದೇನ್ ಕಾಡಿಗೆ ಬಂದು ಮನಿ ಕಟ್ಟೀರಿ’ ಎಂದು ಹೇಳದೆ ಹೋಗುತ್ತಿರಲಿಲ್ಲ. ಶಾಮನೂರು, ಕುಂದುವಾಡದ ಕಡೆ ಹೋದರೆ ಭದ್ರಾ ನಾಲೆಯ ನೀರುಂಡ ಗದ್ದೆಗಳು. ನಾಲೆಗೆ ನೀರು ಬಿಟ್ಟ ವಾರ ರಾತ್ರಿಯಿಡೀ ಕಪ್ಪೆಗಳ ಗದ್ದಲಕ್ಕೆ ಅಮ್ಮ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದಳು. ದಾವಣಗೆರೆಯಲ್ಲಿ ಹತ್ತಿಗೆ ಬರವೆಲ್ಲಿಯದು! ಬೆಳಿಗ್ಗೆ ಗಡಿಯಾರ ನೋಡುವ ಅಗತ್ಯವೂ ಇರಲಿಲ್ಲ. ಗಾಳಿ ಈ ಕಡೆಗಿದ್ದರೆ ಮಿಲ್ಲಿನ ಸೈರನ್ ನಮ್ಮ ಬಡಾವಣೆಗೂ ಕೇಳುತ್ತಿತ್ತು. ಡಿ.ಸಿ.ಎಂ., ಶಂಕರ್, ಆಂಜನೇಯ, ಚಂದ್ರೋದಯ ಎಂದು ಮಿಲ್ಲುಗಳಿದ್ದ ಕಾಲ, ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ನಮ್ಮ ಪಠ್ಯಪುಸ್ತಕವೇ ಹೊಗಳುತ್ತಿತ್ತು. ಮ್ಯಾಂಚೆಸ್ಟರ್ ಎಲ್ಲಿದೆಯೋ ತಿಳಿಯದಿದ್ದರೂ, ಅದು ಇಂಗ್ಲೆಂಡಿನ ದಾವಣಗೆರೆ ಎಂಬಷ್ಟು ನಮಗೆ ಖಾತ್ರಿಯಿತ್ತು.

ಮನೆಯ ಮೇಲಿನ ಮಹಡಿಯನ್ನು ಅಪ್ಪ ಜೆ.ಜೆ.ಎಂ. ಮೆಡಿಕಲ್ ಕಾಲೇಜಿನ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದರು. 1965ರಲ್ಲಿ ಆ ಕಾಲೇಜು ಬಂದ ಮೇಲೆ, ಆಮೇಲೆ 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜೂ ಸೇರಿದ ಮೇಲೆ, ದೇಶದ ಎಲ್ಲ ಮೂಲೆಯ ಹುಡುಗರೂ ಈ ಊರಿಗೆ ಇಳಿದರು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತ ಹೋದಾಗ ಊರು ಕುಸಿಯದೆ ನಿಂತದ್ದರಲ್ಲಿ ಈ ಹುಡುಗರ ಹೊಟ್ಟೆಯ ಪಾಲು ದೊಡ್ಡದು. ನಮ್ಮ ಮಹಡಿಯಲ್ಲಿದ್ದವನೊಬ್ಬ ಬಿಹಾರದವನು. ಬಂದ ಹೊಸದರಲ್ಲಿ ಮಂಡಕ್ಕಿಗೆ ಸಕ್ಕರೆ ಬೆರೆಸಿ ತಿನ್ನುತ್ತಿದ್ದ. ಅದನ್ನು ಕಂಡು ಅಮ್ಮ ಅವನಿಗೆ ಒಂದು ಮಿರ್ಚಿ ಕೊಟ್ಟಳು. ಅವನ ಕಣ್ಣಲ್ಲಿ ನೀರು ಬಂತು. ಮರುದಿನ ಅವನೇ ಬಂದು ಇನ್ನೊಂದು ಕೇಳಿದ.

ಬಡಾವಣೆಗೆ ಹೋದಾಗ ನಮ್ಮ ಹಳೆಯ ಮನೆ ಅಲ್ಲಿರಲಿಲ್ಲ. ಮಾರಿ ಬಹಳ ಕಾಲವಾಗಿದೆ, ಈಗ ಆ ಜಾಗದಲ್ಲಿ ಕೆಳಗೆ ಕಾರು, ಮೇಲೆ ಮೂರು ಅಂತಸ್ತಿನ ಕಟ್ಟಡ. ದುಃಖ ಆಗಬೇಕಿತ್ತೇನೋ, ಆಗಲಿಲ್ಲ. ಬೇಸರವಾದದ್ದು ಬೇರೆಯದಕ್ಕೆ. ಎಲ್ಲೂ ಒಂದೂ ಖಾಲಿ ಸೈಟಿಲ್ಲ. ನಮ್ಮ ಕ್ರಿಕೆಟ್ಟು, ಗಾಳಿಪಟ, ಸೈಕಲ್ ಕಲಿತು ಬಿದ್ದದ್ದು ಎಲ್ಲ ಬೇರೆಯವರ ಸೈಟಿನಲ್ಲೇ. ಯಾರೋ ದುಡ್ಡು ಕೊಟ್ಟು ಕೊಂಡು, ಕಟ್ಟಲು ದುಡ್ಡಿಲ್ಲದೆ ಬಿಟ್ಟ ಜಾಗದಲ್ಲಿ ನಾವು ಬೆಳೆದೆವು. ಅವರಿಗೆಲ್ಲ ಬೇಗ ದುಡ್ಡಾಗಿಬಿಟ್ಟಿದ್ದರೆ ನಮ್ಮ ಬಾಲ್ಯ ಎಲ್ಲಿ ಆಗುತ್ತಿತ್ತೋ.

ಸಂಜೆ ಗೆಳೆಯರು ಕುಂದುವಾಡ ಕೆರೆ ಏರಿಯ ಮೇಲೆ ಸೇರಿದರು. ಒಬ್ಬ ಮಂಡಿಯವನು. ಅವನಜ್ಜ ಹತ್ತಿ ದಲಾಲಿ ಮಾಡಿದವರು, ಇವನದು ಮೆಕ್ಕೆಜೋಳ. ಊರ ಸುತ್ತಲ ಹೊಲ ಬೆಳ್ಳಗಿದ್ದದ್ದು ಹಳದಿಯಾದ ಕಥೆಯೆಲ್ಲ ಅವರ ಅಂಗಡಿಯ ತಕ್ಕಡಿಗೆ ಗೊತ್ತು. ಇನ್ನೊಬ್ಬ ಮಿಲ್ ಕಾರ್ಮಿಕರ ಮಗ, ಈಗ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು. ಅವನಪ್ಪ ಶಿಫ್ಟು ಮುಗಿಸಿ ಬರುವಾಗ ತಲೆಗೂದಲಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿದ್ದವು, ನಾವು ಅವರನ್ನು ಮುದುಕರೆಂದೇ ತಿಳಿದಿದ್ದೆವು. ಲೆಕ್ಕ ಹಾಕಿದರೆ ಅವರಿಗಾಗ ನಮ್ಮ ಈಗಿನ ವಯಸ್ಸೂ ಆಗಿರಲಿಲ್ಲ. ಮೂರನೆಯವನು ಡಾಕ್ಟರು, ಅದೇ ನಮ್ಮ ಮಹಡಿಯ ಬಿಹಾರಿ. ಓದು ಮುಗಿದ ಮೇಲೆ ಊರಿಗೆ ಹೋಗಲೇ ಇಲ್ಲ. ಇಲ್ಲೇ ಪ್ರಾಕ್ಟೀಸು, ಇಲ್ಲಿನ ಹುಡುಗಿಯನ್ನೇ ಮದುವೆ.

‘ಹೆಂಗಿದಿಯಲೇ ಹರಪನಹಳ್ಳಿ?’ ಎಂದು ಮೊದಲು ಕೇಳಿದವನು ಅವನೇ, ಮಗಳ ಮುಂದೆಯೇ. ಆ ‘ಲೇ’ ಎಷ್ಟು ಸರಿಯಾದ ಜಾಗಕ್ಕೆ ಬಿತ್ತೆಂದರೆ ಮಂಡಿಯವನೇ ನನಗೆ ಸವಾಲು ಹಾಕಿದ: ‘ಈಗ ಹೇಳು, ಇಲ್ಲಿ ದಾವಣಗೆರೆಯವನು ಯಾರು? ನೀನಾ ಅವನಾ?’ ಉತ್ತರ ಎಲ್ಲರಿಗೂ ಗೊತ್ತಿದ್ದ ಕಾರಣ ಯಾರೂ ಹೇಳಲಿಲ್ಲ. ಮೇಷ್ಟ್ರು ಮಾತು ಬದಲಿಸಿ ಗಾಜಿನ ಮನೆಯತ್ತ ಕೈ ತೋರಿಸಿದ. ಲಾಲ್‌ಬಾಗಿನ ಮಾದರಿಯಲ್ಲಿ ಕಟ್ಟಿದ ಅದು ಲಾಲ್‌ಬಾಗಿನದಕ್ಕಿಂತ ದೊಡ್ಡದು ಎಂದು ಅವನ ಹೆಮ್ಮೆ. ನನಗೆ ಅದು ಹಿಡಿಸಲಿಲ್ಲ. ಬೆಂಗಳೂರಿನಂತಾಗುವ ಚಪಲ ಈ ಊರಿಗೆ ಯಾಕೆ? 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಯಲ್ಲೇ ದಾವಣಗೆರೆಯ ಹೆಸರಿತ್ತು, ಸಿಮೆಂಟು ರಸ್ತೆಗಳೂ ಆದವು. ಅದು ಒಳ್ಳೆಯದೇ. ಆದರೆ ಸೈರನ್ನು ನಿಂತ ಮಿಲ್ಲುಗಳಲ್ಲಿ ಒಂದರ ಗೋಡೆಯನ್ನಾದರೂ ಉಳಿಸಿ, ಒಳಗೊಂದು ನೂಲುವ ಯಂತ್ರವಿಟ್ಟು, ‘ನಿಮ್ಮಜ್ಜ ಇಲ್ಲಿ ನಿಂತು ಕೆಲಸ ಮಾಡಿದ’ ಎಂದು ತೋರಿಸುವ ಒಂದು ಮ್ಯೂಸಿಯಂ ಮಾಡಿದ್ದರೆ ನಾನು ಟಿಕೆಟ್ ಕೊಂಡು ನೋಡುತ್ತಿದ್ದೆ. ಗಾಜಿನ ಮನೆಗೆ ಹೋಗಲಿಲ್ಲ.

ಮಾತು ಜಗಳಕ್ಕೆ ತಿರುಗುವ ಮುಂಚೆ ಮಂಡಕ್ಕಿ ಬಂತು. ಈ ಊರಿನ ಎಷ್ಟೋ ಜಗಳಗಳನ್ನು ಅದು ಹಾಗೆಯೇ ನಿಲ್ಲಿಸಿದೆ. ಮಂಡಕ್ಕಿ ಭಟ್ಟಿಗಳಿರುವ ಕೇರಿಗೆ ಹುಡುಗರಾಗಿದ್ದಾಗ ಹೋಗಿ ನಿಂತು ನೋಡಿದ್ದೇವೆ. ನೆನೆಸಿ, ಬೇಯಿಸಿ, ಒಣಗಿಸಿದ ಭತ್ತದ ಅಕ್ಕಿ ಕಾದ ಮರಳಿಗೆ ಬಿದ್ದ ಕ್ಷಣದಲ್ಲಿ ಬೆಳ್ಳಗೆ ಉಬ್ಬಿ ಏಳುತ್ತದೆ. ಅದರ ಹಿಂದಿರುವ ಕಪ್ಪು ಹೊಗೆ, ಬೆವರು, ಬೆಂಕಿಯ ಮುಂದೆ ನಿಂತವರ ಕೆಮ್ಮು ನಮ್ಮ ಪೊಟ್ಟಣಕ್ಕೆ ಬರುವುದಿಲ್ಲ. ಡಾಕ್ಟರು ಮಾತ್ರ ಆ ಕೇರಿಯ ಪುಪ್ಪುಸಗಳ ಬಗ್ಗೆ ಒಂದೆರಡು ಮಾತು ಹೇಳಿದ, ನಾವು ಸ್ವಲ್ಪ ಹೊತ್ತು ಸುಮ್ಮನೆ ತಿಂದೆವು.

ಬೆಳಿಗ್ಗೆ ದೋಸೆ. ಇದರ ಬಗ್ಗೆ ನಾನು ಹೆಚ್ಚು ಬರೆಯಬಾರದು, ಬರೆದವರು ಬಹಳ ಜನ ಇದ್ದಾರೆ. ಊರಿನಲ್ಲಿ ಹೇಳುವ ಕಥೆ ಇಷ್ಟು: 1928ರಲ್ಲಿ ಚೆನ್ನಮ್ಮ ಎಂಬುವರು ಬೆಳಗಾವಿ ಕಡೆಯ ಬಿಡಕಿಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದು, ಸವಳಗಿ ನಾಟಕ ಥಿಯೇಟರಿನ ಹತ್ತಿರ ದೋಸೆ ಹಾಕಲು ಶುರು ಮಾಡಿದರು. ಆಗ ಅದು ರಾಗಿ ದೋಸೆ. ಅಕ್ಕಿ, ಉದ್ದು, ಮಂಡಕ್ಕಿ ಹಿಟ್ಟಿಗೆ ಬಂದದ್ದು, ಮೇಲೆ ಬೆಣ್ಣೆ ಏರಿದ್ದು ಅವರ ಮಕ್ಕಳ ಕಾಲಕ್ಕೆ. ಅಂದರೆ ನಮ್ಮೂರಿನ ಹೆಸರನ್ನು ಬೆಂಗಳೂರಿನ ಗಲ್ಲಿಗಲ್ಲಿಯ ಬೋರ್ಡುಗಳ ಮೇಲೆ ಬರೆಸಿದಾಕೆಯೂ ನಮ್ಮೂರಿನವಳಲ್ಲ! ನನ್ನ ಹೆಂಡತಿಗೆ ಈ ಕಥೆ ಹೇಳಿದಾಗ ಅವಳು ಎರಡನೆಯ ದೋಸೆಯಲ್ಲಿದ್ದಳು. ‘ಮಾವನವರು ಬಂದಿದ್ದೂ ಆ ಕಡೆಯಿಂದಾನೇ ಅಲ್ವಾ?’ ಎಂದಳು. ಹೌದು, ಆದರೆ ಅಪ್ಪ ಬಂದು ಲೆಡ್ಜರ್ ಬರೆದರು, ಅದು ಯಾವ ಬೋರ್ಡಿಗೂ ಏರಲಿಲ್ಲ.

ಅರಿಸಿನ ಹಾಕದ ಬೆಳ್ಳನೆಯ ಆಲೂಗಡ್ಡೆ ಪಲ್ಯ, ಹಸಿಮೆಣಸಿನಕಾಯಿ ಚಟ್ನಿ, ಸೌದೆಯ ಬೆಂಕಿ, ಇಷ್ಟಿದ್ದರೆ ಅದು ದಾವಣಗೆರೆ ದೋಸೆ. ಗ್ಯಾಸಿನ ಒಲೆ ಬಂದಲ್ಲಿ ಬೆಣ್ಣೆ ಕರಗುತ್ತದೆ, ದೋಸೆ ಆಗುವುದಿಲ್ಲ. ಬೆಂಗಳೂರಿನವರು ಸಿಟ್ಟಾಗಲಿ, ಅಡ್ಡಿಯಿಲ್ಲ.

ಬೀಳ್ಕೊಡುವಾಗ ಮಂಡಿಯವನು ಕಾರಿನ ಕಿಟಕಿಗೆ ಮಂಡಕ್ಕಿಯ ಚೀಲ ತುರುಕಿದ. ಕುಂಟು ಕುರ್ಚಿಯ ಪಕ್ಕ ಅದಕ್ಕೆ ಜಾಗವಾಗಲಿಲ್ಲ. ಡಾಕ್ಟರು ಒಂದು ಕ್ಷಣವೂ ಯೋಚಿಸದೆ ಕುರ್ಚಿಯನ್ನೇ ಕೆಳಗಿಳಿಸಿಕೊಂಡ: ‘ಇದು ನನ್ನ ಕ್ಲಿನಿಕ್ಕಿಗೆ ಇರಲಿ. ಬಂದದ್ದನ್ನ ನಾವು ವಾಪಸ್ ಕಳಿಸಲ್ಲ.’ ಮಗಳು ಪುಣೆಯಿಂದ ಹೊತ್ತು ತಂದ ಕುರ್ಚಿ ಈಗ ದಾವಣಗೆರೆಯ ನಿವಾಸಿ.

ನೀವು ಆ ದಾರಿಯಲ್ಲಿ ಹೋಗುವವರಾದರೆ ದಯವಿಟ್ಟು ಹರಿಹರದಲ್ಲಿ ಹೆದ್ದಾರಿ ಬಿಟ್ಟು ಇಳಿಯಿರಿ. ಗುಡಿಯ ಕಂಬಗಳ ಮೇಲೆ ಉಗುರು ಓಡಿಸಿ ನೋಡಿ. ಅಲ್ಲಿಂದ ಬಾತಿ ಮೇಲಿನ ಹಳೆಯ ರಸ್ತೆಯಲ್ಲೇ ಬನ್ನಿ, ಬೈಪಾಸಿಗಿಂತ ಅರ್ಧ ಗಂಟೆ ಹೆಚ್ಚು ಹಿಡಿಯಬಹುದು. ಬೆಳಗಿನ ಹೊತ್ತಾದರೆ ಇನ್ನೂ ಒಳ್ಳೆಯದು. ಒಳ್ಳೆಯ ದೋಸೆ ಅಂಗಡಿಗಳಲ್ಲಿ ತಡವಾಗಿ ಹೋದವರಿಗೆ ಪಲ್ಯ ಸಿಗುವುದಿಲ್ಲ.